ಒಂದು ದಿನವೂ ತಪ್ಪದ ಓಟ

ಫೆಬ್ರವರಿ 9, ಬೆಳಿಗ್ಗೆ. ಮೌನ್, ಬೋಟ್ಸ್ವಾನಾ

ಸ್ಕಿಪ್ಪಿಂಗ್ ಹಗ್ಗ ಸಿಕ್ಕಿತು. ಹಿಂದಿನ ಸೀಟಿನ ಕೆಳಗೆ, ಮಿಲಾ ಉದುರಿಸಿದ ಬಿಸ್ಕೆಟ್ ಪುಡಿಯ ನಡುವೆ. ಓಟ, ಬಸ್ಕಿ, ದಂಡ, ಆಮೇಲೆ ಹಗ್ಗ. ಇವತ್ತೂ ತಪ್ಪಲಿಲ್ಲ. ಮರಳಿನಲ್ಲಿ ಕಾಲು ಹೂತುಹೋಗುತ್ತದೆ, ಮೀನಖಂಡ ಸುಡುತ್ತಿದೆ. ಹಿತವಾಗಿದೆ.

ಗಂಡ ಲುವೋ ಮೊನ್ನೆ ಒಂದು ದಿನ ಜೊತೆಗೆ ಬಂದ. ಸೊಂಟ ಹಿಡಿದುಕೊಂಡು ವಾಪಸಾದ. ಚಿಕ್ಕವಳು ಮಿಲಾ ಬಸ್ಕಿ ಹೊಡೆಯಲು ಸಿಹಿ ಕೇಳುತ್ತಾಳೆ. ದೊಡ್ಡವಳು ಲಿಯೇಮಾ ಟೆಂಟಿನಿಂದ ತಲೆಯನ್ನೂ ಹೊರಗೆ ಹಾಕುವುದಿಲ್ಲ. ಹದಿನೈದು ವರ್ಷದ ಹುಡುಗಿ. ಗೆಳತಿಯರನ್ನೆಲ್ಲ ದಕ್ಷಿಣ ಆಫ್ರಿಕಾದಲ್ಲಿ, ನಮ್ಮೂರು ಕೋಮಾನಿಯಲ್ಲಿ ಬಿಟ್ಟು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಪಿ.ಟಿ. ಟೀಚರಿನ ಮನೆಯಲ್ಲೇ ಹೀಗೆ!

ಈ ಪ್ರಯಾಣ ಲುವೋನ ಹಠ. ಹೋದ ಚಳಿಗಾಲ ಅವನ ಅಣ್ಣ ಆಫೀಸಿನ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ವಾರವೇ ಒಂದು ವರ್ಷದ ರಜೆ ಬರೆದುಕೊಟ್ಟ. ನಮ್ಮ ಹಳೆಯ ಪಿಕಪ್ ಗಾಡಿ, ಬಕ್ಕಿಯ ನೆತ್ತಿಯ ಮೇಲೆ ಎರಡು ಟೆಂಟ್, ಹಿಂದೆ ಅಡುಗೆ ಸಾಮಾನು, ಕೀನ್ಯಾದವರೆಗೂ ಹೋಗುವುದು. ನಾನೂ ಶಾಲೆಗೆ ರಜೆ ಹಾಕಿದೆ. ನನ್ನದು ಒಂದೇ ಷರತ್ತು. ಎಲ್ಲಿದ್ದರೂ ಬೆಳಗಿನ ವ್ಯಾಯಾಮ ನಿಲ್ಲಬಾರದು. ಶಾಲೆಯ ಮಕ್ಕಳಿಗೆ ಹೇಳುವುದನ್ನೇ ಮನೆಯವರಿಗೂ ಹೇಳಿದೆ. ಒಂದು ದಿನ ಬಿಟ್ಟರೆ ಮೈಗೆ ಬಿಡುವ ರುಚಿ ಹತ್ತುತ್ತದೆ, ಆಮೇಲೆ ಎಲ್ಲ ಹೋಯಿತು.

ಫೆಬ್ರವರಿ 21. ಲಿವಿಂಗ್‌ಸ್ಟನ್, ಜಾಂಬಿಯಾ

ನಿನ್ನೆ ಊರಿನಿಂದ ಲುವೋನ ಅಕ್ಕ ವಿಡಿಯೋ ಕರೆ ಮಾಡಿದ್ದರು. ಎಲ್ಲರ ಮುಖ ನೋಡಿ ಎಲ್ಲರಿಗೂ ಒಂದೊಂದು ಚುಚ್ಚಿದರು, ಅವರ ಅಭ್ಯಾಸ. ಲುವೋಗೆ ಗಡ್ಡ ಬೆಳೆದಿದೆ, ನಾನು ಕಪ್ಪಾಗಿದ್ದೇನೆ. ಲಿಯೇಮಾಗೆ ಮಾತ್ರ, ಕೂತು ತಿಂದು ಚೆನ್ನಾಗಿ ಮೈ ಹತ್ತಿದೆ, ಬಕ್ಕಿಯ ಟೈರು ತಡೆಯುತ್ತವಾ ಎಂದರು. ಎಲ್ಲರೂ ನಕ್ಕೆವು. ಅವಳೂ ನಕ್ಕಳು.

ಇವತ್ತು ಬೆಳಿಗ್ಗೆ ಶೂ ಕಟ್ಟುತ್ತಿದ್ದೆ. ಟೆಂಟಿನ ಏಣಿ ಇಳಿದು ಬಂದಳು, ಅಪ್ಪನ ಟೀಶರ್ಟ್ ಹಾಕಿಕೊಂಡು. "ನಾನೂ ಬರ್ತೀನಿ" ಅಂದಳು. ಅಷ್ಟೇ.

ಜಲಪಾತದ ಹೊಗೆ ಕಾಣುವ ರಸ್ತೆಯಲ್ಲಿ ಇಬ್ಬರೂ ಓಡಿದೆವು. ಅವಳು ನಡುವೆ ನಿಂತಳು, ಕೆಮ್ಮಿದಳು, ಮತ್ತೆ ಓಡಿದಳು. ಹೊರಟ ಮೇಲೆ ಇಷ್ಟು ಖುಷಿಯಾದ ದಿನ ಬೇರೆ ಇಲ್ಲ.

ಮಾರ್ಚ್ 8

ಮಗಳು ದಿನವೂ ಬರುತ್ತಾಳೆ! ಓಡುವಾಗ ಮಾತಾಡುತ್ತಾಳೆ. ಗೆಳತಿಯರ ಬಗ್ಗೆ, ದೊಡ್ಡಪ್ಪ ಸತ್ತ ದಿನದ ಬಗ್ಗೆ... ಅವತ್ತು ಗಣಿತದ ಪರೀಕ್ಷೆ ಇತ್ತಂತೆ, ಪರೀಕ್ಷೆ ಮುಗಿಯುವವರೆಗೆ ಯಾರೂ ಅವಳಿಗೆ ಹೇಳಲಿಲ್ಲವಂತೆ. ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ಎದುರು ಕೂತರೆ ಬಾಯಿ ಬಿಡದವಳು ಪಕ್ಕದಲ್ಲಿ ಓಡಿದರೆ ಹೇಳುತ್ತಾಳೆ. ಮುಖ ನೋಡಬೇಕಿಲ್ಲವಲ್ಲ, ಅದಕ್ಕೇ ಇರಬೇಕು.

ಬಸ್ಕಿಯಲ್ಲಿ ಮೊಣಕಾಲು ಸರಿಯಾಗಿ ಮಡಚುವುದನ್ನು ಕಲಿಸಿದೆ. ಒಮ್ಮೆ ತೋರಿಸಿದರೆ ಸಾಕು, ಹಿಡಿದುಬಿಡುತ್ತಾಳೆ.

ಮಾರ್ಚ್ 30. ಲುಸಾಕಾ ದಾಟಿ

ಇಡೀ ದಿನ ರಸ್ತೆ. ಮಧ್ಯಾಹ್ನ ಲಿಯೇಮಾ ಅಪ್ಪನ ಹೆಗಲು ತಟ್ಟಿ ಗಾಡಿ ನಿಲ್ಲಿಸಲು ಹೇಳಿದಳು. ಬಾತ್‌ರೂಮಿಗೆ ಅಂದುಕೊಂಡೆವು. ಇಳಿದವಳೇ ರಸ್ತೆಯ ಅಂಚಿನಲ್ಲಿ ಬಸ್ಕಿ ಹೊಡೆಯತೊಡಗಿದಳು. ಕೂತು ಕೂತು ಕಾಲು ಸತ್ತುಹೋಗಿದೆಯಂತೆ. ಇದ್ದಿಲು ಮಾರುವ ಹೆಂಗಸರು ಚಪ್ಪಾಳೆ ತಟ್ಟಿ ಲೆಕ್ಕ ಹಾಕಿದರು. ಲುವೋ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕ. "ನಿನ್ನನ್ನೂ ಮೀರಿಸಿದಳು ನೋಡು" ಅಂದ ನನಗೆ.

ಸಂಜೆಯೊಳಗೆ ಇನ್ನೂ ಎರಡು ಸಲ ನಿಲ್ಲಿಸಿದೆವು. ಮೂರನೆಯ ಸಲ ಲುವೋ ನಗಲಿಲ್ಲ.

ಏಪ್ರಿಲ್ 17. ಲುವಾಂಗ್ವಾ ನದಿಯ ಕ್ಯಾಂಪ್

ಇಲ್ಲಿ ಬೆಳಕು ಹರಿಯುವ ಮುಂಚೆ ಟೆಂಟಿನಿಂದ ಇಳಿಯಬಾರದು. ಬಂದ ದಿನವೇ ಹೇಳಿದ್ದರು. ನೀರಾನೆಗಳು ಮೇಯ್ದು ನದಿಗೆ ಮರಳುವ ಹೊತ್ತು.

ಇವತ್ತು ಮಬ್ಬಿನಲ್ಲಿ ಕಾವಲುಗಾರ ಲಿಯೇಮಾಳ ತೋಳು ಹಿಡಿದು ಕರೆತಂದ. ಗೇಟಿನ ಆಚೆ ಓಡುತ್ತಿದ್ದಳಂತೆ, ಒಬ್ಬಳೇ. 

"ಮ್ಯಾಡಂ, ನಾನು ಕೂಗಿದೆ, ನಿಲ್ಲಲಿಲ್ಲ" ಅಂದ. "ಅಡ್ಡ ನಿಂತೆ. ನನ್ನನ್ನು ಸುತ್ತಿ ಹೋಗೋಕೆ ನೋಡಿದಳು."

ಲುವೋ ಚೆನ್ನಾಗಿ ಬೈದ. ನಾನೂ ಬೈದೆ. ಬರೆಯುವುದಕ್ಕೆ ನಾಚಿಕೆ, ಆದರೆ ಒಳಗೊಳಗೇ ಒಂದು ಹೆಮ್ಮೆ ಇತ್ತು. ಈ ವಯಸ್ಸಿನ ಯಾವ ಹುಡುಗಿಗಿದೆ ಇಂಥ ಛಲ?

ಬೈಗುಳಕ್ಕೆ ಅವಳು ಅಳಲಿಲ್ಲ. ಓಟ ಅರ್ಧಕ್ಕೆ ನಿಂತಿತು ಎಂದು ಅತ್ತಳು. ಮಧ್ಯಾಹ್ನವೆಲ್ಲ ಆ ಬಿಸಿಲಿನಲ್ಲಿ ಬಕ್ಕಿಯ ಸುತ್ತ ನಡೆದಳು. ಮಿಲಾ ಇಸ್ಪೀಟಿಗೆ ಕರೆದಳು, ಹೋಗಲಿಲ್ಲ. ನೆಲದಲ್ಲಿ ಕಾಲುದಾರಿ ಮೂಡಿದೆ.

ಮೇ 12. ಲಿಲಾಂಗ್ವೆ, ಮಲಾವಿ

ಅವಳಿಗೆ ಹೊಸ ಶೂ ಕೊಂಡದ್ದಾಯಿತು. ಹಳೆಯದರ ಅಟ್ಟೆ ಕಾಗದದಂತಾಗಿತ್ತು. ಶಾರ್ಟ್ಸ್ ಸಡಿಲ. ಸೊಂಟಕ್ಕೆ ಪಿನ್ ಹಾಕಿಕೊಂಡಿದ್ದಾಳೆ. ಓಡುವವರ ಮೈ ಬಂದಿದೆ.

ಸಾಮಾನು ಜೋಡಿಸುವಾಗ ನೋಡಿದೆ, ಜಾಂಬಿಯಾದಲ್ಲಿ ಕೊಂಡ ಅವಳ ಪ್ಯಾಡಿನ ಕಟ್ಟು ಒಡೆದೇ ಇಲ್ಲ. ಕೇಳಿದೆ. ಪ್ರಯಾಣದಲ್ಲಿ ಏರುಪೇರು ಅಂದಳು. ಹೌದು, ಹಾಗಾಗುತ್ತದೆ. ನನಗೂ ಕ್ರೀಡಾಕೂಟಗಳ ದಿನಗಳಲ್ಲಿ ಆಗುತ್ತಿತ್ತು.

ಜೂನ್ 14. ಚಿಂತೇಚೆ, ಸರೋವರದ ದಡ

ಬಹಳ ದಿನ ಬರೆಯಲಿಲ್ಲ. ಇಲ್ಲಿ ತಿಂಗಳುಗಟ್ಟಲೆ ಇರೋಣ ಎಂದು ಲುವೋ. ನೀರು ಸಮುದ್ರದ ಹಾಗೆ, ಆಚೆ ದಡ ಕಾಣುವುದಿಲ್ಲ. ತೆಂಕಣ ಗಾಳಿ ಶುರುವಾಗಿದೆ, ಅಲೆಗಳು ಇಡೀ ದಿನ ಬಡಿಯುತ್ತವೆ. ಕ್ಯಾಂಪಿನ ಒಡತಿ ತಾಕೊಂದ್ವಾ ಗಟ್ಟಿ ಹೆಂಗಸು, ನನ್ನನ್ನು 'ಅಮಾಯಿ', ಅಂದರೆ ಅಮ್ಮಾ, ಎಂದು ಕರೆಯುತ್ತಾರೆ. ಸಂಜೆ ಅವರೇ ಮೀನು ಸುಟ್ಟು, ಜೋಳದ ಹಿಟ್ಟಿನ ಮುದ್ದೆ ತಿರುವಿ ಕೊಟ್ಟರು. ಮನೆಯ ಊಟದ ಹಾಗೇ ಇತ್ತು.

ಮಿಲಾ ಎರಡು ಮೀನು ತಿಂದಳು. ಎಲ್ಲಿಂದ ಬಂತು ಅಷ್ಟು ಹಸಿವು ಎಂದು ಕೇಳಿದೆ. ಸಿಸಿ ದಿನಾ ತನ್ನ ಪಾಲಿನದು ಕೊಡುತ್ತಾಳೆ ಎಂದಳು. ಅಕ್ಕನಿಗೆ ತಂಗಿಯ ಮೇಲೆ ಈಗ ಎಷ್ಟು ಅಕ್ಕರೆ! ಮೊದಲು ಚಾಕಲೇಟಿಗೂ ಕಿತ್ತಾಡುತ್ತಿದ್ದರು.

ಲಿಯೇಮಾ ಸ್ವೆಟರ್ ಬಿಚ್ಚುವುದೇ ಇಲ್ಲ. ಗಾಳಿಗೆ ಚಳಿಯಂತೆ. ಬಾಚಣಿಗೆ ತುಂಬ ಕೂದಲು. ನೀರು ಬದಲಾದದ್ದಕ್ಕೆ ಇರಬೇಕು. ಎಣ್ಣೆ ಹಚ್ಚಿದೆ.

ಇವತ್ತೂ ತಪ್ಪಲಿಲ್ಲ. ಈಗ ಅವಳೇ ನನ್ನನ್ನು ಎಬ್ಬಿಸುವುದು. ನಾನು ನಿಲ್ಲಿಸಿದ ಮೇಲೂ ಮುಂದುವರಿಸುತ್ತಾಳೆ. ಓಡುವಾಗ ಮಾತಿಲ್ಲ. ಯಾವಾಗ ನಿಂತಿತು ಮಾತು? ಗಮನಿಸಲಿಲ್ಲ.

ಜೂನ್ 23

ಮಲೇರಿಯಾ. ನನಗೆ. ನಾಲ್ಕು ದಿನ ಎದ್ದಿಲ್ಲ. ಈಗ ಜ್ವರ ಇಳಿದಿದೆ, ಪೆನ್ನು ಹಿಡಿದರೆ ಕೈ ಸೋಲುತ್ತದೆ.

ಮೊದಲ ಸಲ ವ್ಯಾಯಾಮ ತಪ್ಪಿತು ಎಂದು ಗೊಣಗಿದೆ. ಲಿಯೇಮಾ ಹಾಸಿಗೆಯ ಪಕ್ಕ ಕೂತಿದ್ದಳು. ನನ್ನ ಹಣೆಯ ಬಟ್ಟೆ ಬದಲಿಸುತ್ತಾ, "ತಪ್ಪಿಲ್ಲ ಅಮ್ಮಾ, ನಿಂದೂ ನಾನೇ ಮಾಡ್ದೆ" ಅಂದಳು.

ಏನೆಂದೆ.

"ದಿನಾ ಎರಡು ಸಲ. ಒಂದು ನಂದು, ಒಂದು ನಿಂದು. ಬಿಟ್ರೆ ನಿಂಗೆ ಜ್ವರ ಜಾಸ್ತಿ ಆಗ್ತಿತ್ತು."

ತಮಾಷೆ ಎಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ. ಸಮಾಧಾನದಲ್ಲಿದ್ದಳು, ಔಷಧಿ ಕುಡಿಸಿ ಮುಗಿಸಿದವರ ಹಾಗೆ. ಕೈ ಹಿಡಿದುಕೊಂಡೆ. ಜ್ವರದ ಕೈ ನನ್ನದು, ಅದಕ್ಕೇ ಅವಳದು ಅಷ್ಟು ತಣ್ಣಗೆ ಅನ್ನಿಸಿತೋ... ಮುಂಗೈಯ ಮೇಲೆ ಸಣ್ಣ ಸಣ್ಣ ಕೂದಲು ಬೆಳೆದಿವೆ, ಪೀಚಿನ ಸಿಪ್ಪೆಯ ಮೇಲಿನ ಹಾಗೆ.

ಜೂನ್ 24, ಸಂಜೆ

ಲುವೋನ ಜೊತೆ ಜಗಳ. ಮಕ್ಕಳು ನೀರಿನ ಬಳಿ ಇದ್ದಾಗ.

ಕೋಪ ಬಂದಾಗ ಮಾತ್ರ ಅವನು ನನ್ನ ಕುಲದ ಹೆಸರು ಹಿಡಿದು ಕರೆಯುವುದು. ಇವತ್ತು ಹಾಗೇ ಕರೆದ.

"ಮಾದ್ಲೋಮೋ, ಅವಳ ಬೆನ್ನು ನೋಡಿದ್ದೀಯಾ ನೀನು?"

ಈಜಿ ಬಂದು ಟವೆಲ್ ಸುತ್ತಿಕೊಳ್ಳುವಾಗ ಅಕಸ್ಮಾತ್ ನೋಡಿದನಂತೆ. ಹೆಗಲ ಮೂಳೆಗಳು ಚರ್ಮ ಹರಿದು ಹೊರಬರುವ ಹಾಗಿದ್ದವಂತೆ. ಬೆಳೆಯುವ ಹುಡುಗಿಯರು ಹಾಗೇ ಇರುತ್ತಾರೆ, ಉದ್ದ ಆಗುವಾಗ ಸೊರಗುತ್ತಾರೆ ಎಂದೆ. ವರ್ಷಗಟ್ಟಲೆ ಹುಡುಗಿಯರನ್ನೇ ಓಡಿಸಿದ್ದೇನೆ, ನನಗೆ ಗೊತ್ತಿಲ್ಲವೇ ಎಂದೆ. ನೀನು ಗಾಡಿ ಓಡಿಸುವುದು ಬಿಟ್ಟು ಮನೆಯಲ್ಲಿ ಏನು ನೋಡಿದ್ದೀಯ ಎಂದೂ ಅಂದುಬಿಟ್ಟೆ.

 ಅವನು ಮೆಲ್ಲಗೆ, ಅಣ್ಣನೂ ಚೆನ್ನಾಗೇ ಇದ್ದಾನೆ ಅಂತ ಎಲ್ಲರೂ ಹೇಳ್ತಿದ್ವಿ, ಅಂದ.

ಊಟಕ್ಕೆ ಎದುರು ಕೂರಿಸಿಕೊಂಡೆ. ಬರೀ ನೋಡಿದೆ. ಮೀನನ್ನು ಬಿಡಿಸಿದಳು, ಮುಳ್ಳು ತೆಗೆದಳು, ತಟ್ಟೆಯ ಅಂಚಿಗೆ ಸರಿಸಿದಳು, ಮತ್ತೆ ಬಿಡಿಸಿದಳು. ಮಾತಾಡಿದಳು, ನಕ್ಕಳು, ಮಿಲಾಳಿಗೆ ಬಡಿಸಿದಳು. ತಟ್ಟೆ ಕಲಕಿದಂತಿತ್ತು. ಬಾಯಿಗೆ ಏನೂ ಹೋಗಲಿಲ್ಲ.

ಎಷ್ಟು ದಿನದಿಂದ ನನ್ನ ಕಣ್ಣೆದುರಿಗೇ ಹೀಗೆ?

ಜೂನ್ 25

ಇವತ್ತಿನಿಂದ ಸ್ವಲ್ಪ ದಿನ ವ್ಯಾಯಾಮ ಬೇಡ, ಇಬ್ಬರಿಗೂ ವಿಶ್ರಾಂತಿ ಎಂದೆ. ಅಳುತ್ತಾಳೆ ಎಂದುಕೊಂಡಿದ್ದೆ. "ಸರಿ ಅಮ್ಮಾ" ಅಂದಳು. ಅರ್ಧ ಬಾಳೆಹಣ್ಣು ತಿಂದಳು, ನಾನು ನೋಡುತ್ತಿರುವಾಗಲೇ. ಸ್ನಾನಕ್ಕೆ ಹೋದಳು.

ಎದೆಯ ಭಾರ ಇಳಿಯಿತು. ಲುವೋಗೆ ಹೇಳಿದೆ, ನೋಡು, ಹೇಳಿದರೆ ಕೇಳುತ್ತಾಳೆ.

ಜೂನ್ 27

ತಾಕೊಂದ್ವಾ ಬಟ್ಟೆ ಒಣಹಾಕುತ್ತಿದ್ದವರು ನನ್ನನ್ನು ಕಂಡು ಬಂದರು. ಹೇಳಲೋ ಬೇಡವೋ ಎಂದು ಸೊಂಟಕ್ಕೆ ಸುತ್ತಿದ ಬಟ್ಟೆಯ ಅಂಚು ತಿರುಚಿದರು.

"ಅಮಾಯಿ, ಮಗಳು ಸ್ನಾನಕ್ಕೆ ಹೋದರೆ ಬಹಳ ಹೊತ್ತು ಇರ್ತಾಳೆ. ನಾನು ಬಿಸಿನೀರು ಕಾಯಿಸಿ ಬಕೆಟ್ ಇಟ್ಟಿರ್ತೀನಿ. ಬಂದ ಮೇಲೆ ನೋಡಿದ್ರೆ ಬಕೆಟ್ ತುಂಬಿದ ಹಾಗೇ ಇರುತ್ತೆ. ನೀರು ಆರಿಹೋಗಿರುತ್ತೆ."

ಹೋಗಿ ಬಚ್ಚಲುಮನೆಯ ಹುಲ್ಲಿನ ಗೋಡೆಯ ಆಚೆ ನಿಂತೆ. ಒಳಗೆ ಉಸಿರು. ಮೂಗಿನಲ್ಲಿ ಎಳೆದು ಬಾಯಲ್ಲಿ ಬಿಡುವ ಉಸಿರು. ನಾನೇ ಕಲಿಸಿದ್ದು. ಬರಿಗಾಲು ಒದ್ದೆ ನೆಲಕ್ಕೆ ತಾಗುವ ಸದ್ದು, ಒಂದೇ ಸಮ.

ಬಾಗಿಲು ತಳ್ಳಿದೆ. ಬಟ್ಟೆಯಿಲ್ಲದೆ ನಿಂತಿದ್ದಳು. ಏನು ಕಂಡೆ ಎಂದು ಬರೆಯಲಾರೆ.

ಹಗ್ಗ, ಎರಡೂ ಜೊತೆ ಶೂ, ಎಲ್ಲ ಬಕ್ಕಿಯೊಳಗೆ ಹಾಕಿ ಬೀಗ ಹಾಕಿದೆವು. ನಾಳೆ ಬೆಳಿಗ್ಗೆಯೇ ಹೊರಟು ಇಲ್ಲಿನ ಪಟ್ಟಣದ ದೊಡ್ಡ ಆಸ್ಪತ್ರೆಗೆ, ಅಲ್ಲಿಂದ ಮನೆಗೆ. ಲುವೋ ನಕ್ಷೆ ಮಡಚಿಟ್ಟ. ಕೀನ್ಯಾದ ಮಾತು ಯಾರೂ ಎತ್ತಲಿಲ್ಲ.

ಸಂಜೆ ಅವಳು ಬಂದು ನನ್ನೆದುರು ನಿಂತಳು. ಶೂ ಕೇಳಿದಳು. ಇಲ್ಲವೆಂದೆ. ಮತ್ತೆ ಕೇಳಿದಳು, ಇನ್ನೂ ಮರ್ಯಾದೆಯಿಂದ. ಮತ್ತೆ ಇಲ್ಲವೆಂದೆ.

"ಒಂದು ದಿನ ಬಿಟ್ರೆ ಎಲ್ಲ ಹೋಯ್ತು ಅಂತ ನೀನೇ ಹೇಳಿದ್ದು."

"ಅದು ಸೋಮಾರಿಗಳಿಗೆ ಹೇಳೋ ಮಾತು, ಕಂದ."

"ನಾನು ಸೋಮಾರಿ ಆಗಿದ್ದಾಗ್ಲೇ ನೀನು ಹೇಳಿದ್ದು" ಅಂದಳು. "ನಾನು ಓಡೋಕೆ ಶುರು ಮಾಡಿದ್ಮೇಲೇ ನೀನು ನನ್ನ ನೋಡಿದ್ದು."

 ಹೇಳಿದವಳೇ ತಿರುಗಿ ಟೆಂಟಿನ ಏಣಿ ಹತ್ತಿದಳು.

ಜೂನ್ 28. ಆಸ್ಪತ್ರೆ

ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ತಲೆ ನಿಲ್ಲುವುದಿಲ್ಲ.

ಬೆಳಿಗ್ಗೆ ಮಿಲಾ ಎಬ್ಬಿಸಿದಳು. ಸಿಸಿ ಇಲ್ಲ. ದಡದಲ್ಲಿ ಇರಲಿಲ್ಲ, ಬಚ್ಚಲಲ್ಲಿ ಇರಲಿಲ್ಲ. ಬಲೆ ಎಳೆಯುತ್ತಿದ್ದ ಬೆಸ್ತರು ಕೈ ತೋರಿಸಿದರು. ಒಬ್ಬ ಹುಡುಗಿ ಬರಿಗಾಲಿನಲ್ಲಿ ಡಾಂಬರು ರಸ್ತೆಯ ಕಡೆಗೆ ಓಡಿದಳು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂದು ನಾವು ಹಿಂದೆ ನೋಡಿದೆವು, ಯಾರೂ ಇರಲಿಲ್ಲ ಎಂದರು.

ಲುವೋ ಬಕ್ಕಿ ಓಡಿಸಿದ. ನಾನು ಕಿಟಕಿಯಿಂದ ಹೆಸರು ಕೂಗುತ್ತಿದ್ದೆ. ರಬ್ಬರ್ ತೋಟಗಳ ನಡುವಿನ ರಸ್ತೆ, ಒಂದೇ ಥರದ ಮರಗಳ ಸಾಲು. ಬಹಳ ದೂರ. ಇಷ್ಟು ದೂರ ಆ ಕಾಲುಗಳು ಹೋಗಿರಲು ಸಾಧ್ಯವಿಲ್ಲ ಎಂದು ಲುವೋ ಎರಡು ಸಲ ಗಾಡಿ ತಿರುಗಿಸಲು ನೋಡಿದ. ನಾನು ಬಿಡಲಿಲ್ಲ. ನನಗೆ ಗೊತ್ತಿತ್ತು. ಓಡಲು ಕಲಿಸಿದವಳು ನಾನು.

ಎದುರಿನಿಂದ ಸೈಕಲ್ ಟ್ಯಾಕ್ಸಿಯವನೊಬ್ಬ ತಳ್ಳಿಕೊಂಡು ಬರುತ್ತಿದ್ದ. ಹಿಂದಿನ ಸೀಟಿನ ಮೇಲೆ ಬಟ್ಟೆಯ ಗಂಟಿನ ಹಾಗೆ ಏನೋ. ತನ್ನ ಅಂಗಿಯಲ್ಲೇ ಅವಳನ್ನು ಸೀಟಿಗೆ ಕಟ್ಟಿದ್ದ, ಬೀಳದಿರಲಿ ಎಂದು. ಚರಂಡಿಯ ಪಕ್ಕ ಸಿಕ್ಕಳಂತೆ. ಎತ್ತಿದಾಗ ಕಣ್ಣು ಬಿಟ್ಟು, ಇನ್ನೂ ಸ್ವಲ್ಪ ಬಾಕಿ ಇದೆ, ಬಿಡಿ ಎಂದು ಏನೋ ಹೇಳಿದಳಂತೆ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಷ್ಟು ಅರ್ಥವಾಯಿತಂತೆ.

ನಾನೇ ಎತ್ತಿಕೊಂಡೆ. ಮಿಲಾಳಿಗಿಂತ ಹಗುರ.

ಇಲ್ಲಿನ ಡಾಕ್ಟರ್ ಜೇರೆ ಎಂಬ ಹೆಂಗಸು. ನಾಡಿ ಹಿಡಿದವರು ಗಡಿಯಾರ ನೋಡುತ್ತಾ ಬಹಳ ಹೊತ್ತು ನಿಂತರು. ಮತ್ತೆ ಹಿಡಿದರು. ತಂತಿಗಳನ್ನು ಅಂಟಿಸಿದರು. ಯಾವಾಗಿನಿಂದ ಸರಿಯಾಗಿ ತಿಂದಿಲ್ಲ ಎಂದು ಕೇಳಿದರು. ಒಂದೆರಡು ವಾರ ಎಂದ ಲುವೋ. ಒಂದು ತಿಂಗಳಿರಬಹುದು ಎಂದೆ ನಾನು. ಮಿಲಾ ನನ್ನ ಲಂಗ ಹಿಡಿದು ನಿಂತಿದ್ದಳು.

"ನೀರಾನೆ ಇದ್ದ ಕ್ಯಾಂಪಿಗಿಂತ ಮುಂಚೆಯಿಂದ" ಅಂದಳು. "ಹೇಳಿದ್ರೆ ನನ್ನ ಜೊತೆ ಮಾತು ಬಿಡ್ತೀನಿ ಅಂದಿದ್ಲು."

ಡಾಕ್ಟರ್ ಬರೆದುಕೊಂಡರು. ನಮ್ಮ ಕಡೆ ನೋಡಲಿಲ್ಲ. ಅದು ಅವರ ದಯೆ ಇರಬೇಕು.

ಜೂನ್ 29

ಹೃದಯ ತುಂಬ ನಿಧಾನ. ರಕ್ತದಲ್ಲಿ ಉಪ್ಪಿನಂಶಗಳು ಇಳಿದುಹೋಗಿವೆ. ಒಮ್ಮೆಲೇ ತಿನ್ನಿಸಿದರೂ ಅಪಾಯವಂತೆ. ಚಮಚ ಚಮಚವಾಗಿ, ದಿನಗಟ್ಟಲೆ. ಪಾದ ನೆಲಕ್ಕೆ ಇಡಕೂಡದು. ಬಾತ್‌ರೂಮಿಗೂ ಇಲ್ಲ. ಎದೆಗೆ ಯಾವ ಆಯಾಸವೂ ಆಗಬಾರದು, ಚೂರೂ, ಎಂದು ಡಾಕ್ಟರ್ ಜೇರೆ ನಮ್ಮಿಬ್ಬರ ಬಾಯಲ್ಲೂ ಹೇಳಿಸಿದರು.

ಎದೆ ಗಟ್ಟಿಯಾದರೆ ವಿಮಾನದಲ್ಲಿ ಮನೆಗೆ. ಆಮೇಲಿನದು ಇದಕ್ಕಿಂತ ಉದ್ದ, ಒಂದು ವರ್ಷ, ಎರಡು, ಯಾರಿಗೂ ಹೇಳಲಾಗುವುದಿಲ್ಲ ಎಂದರು. ಗಟ್ಟಿಯಾದರೆ ಅಂದರೆ... ಎಂದು ಲುವೋ ಬಾಯಿ ತೆರೆದ. ಗಟ್ಟಿಯಾಗುತ್ತದಲ್ಲ ಎಂದು ಕೇಳಲು ಹೊರಟಿದ್ದ. ಕೇಳಲಿಲ್ಲ. ಹೊರಗೆ ಹೋಗಿ ಬಕ್ಕಿಯ ನೆತ್ತಿಯ ಟೆಂಟ್ ಬಿಚ್ಚತೊಡಗಿದ. ಕಿಟಕಿಯಿಂದ ಕಾಣುತ್ತಿತ್ತು. ಒಂದೊಂದೇ ಬೋಲ್ಟು.

ಜುಲೈ 1, ಮಧ್ಯಾಹ್ನ

ಮಿಲಾಳನ್ನು ತಾಕೊಂದ್ವಾ ಕರೆದುಕೊಂಡು ಹೋಗಿದ್ದಾರೆ. ಲುವೋ ವಿಮಾನದವರ ಹತ್ತಿರ. ವಾರ್ಡಿನಲ್ಲಿ ನಾವಿಬ್ಬರೇ ಎದ್ದಿರುವವರು.

ಇವತ್ತು ಎರಡು ಚಮಚ ಹೆಚ್ಚು ಗಂಜಿ ಇಳಿಯಿತು. ಮುಖಕ್ಕೆ ಚೂರು ಬಣ್ಣ ಬಂದಿದೆ ಎಂದು ನರ್ಸ್ ಹೇಳಿದರು. ನಾನು ಮಂಚದ ಪಕ್ಕ ನಿಂತು ಅದನ್ನೇ ನೋಡುತ್ತಿದ್ದೆ. ನಿಜವಾಗಿಯೂ ಬಂದಿದೆಯೇ, ಬೆಳಕಿಗೆ ಹಾಗೆ ಕಾಣುತ್ತಿದೆಯೇ?

ಲಿಯೇಮಾ ಕಣ್ಣು ಬಿಟ್ಟಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ. ಕೆಳಗೆ ನೋಡುತ್ತಿದ್ದಳು. ನಾನೂ ನೋಡಿದೆ. ನನ್ನ ಹಿಮ್ಮಡಿಗಳು ಮೇಲೇಳುತ್ತಿದ್ದವು, ಇಳಿಯುತ್ತಿದ್ದವು. ಯಾವಾಗಿನಿಂದ ಮಾಡುತ್ತಿದ್ದೆನೋ ಗೊತ್ತಿಲ್ಲ.

"ಎಷ್ಟಾಯ್ತು ಅಮ್ಮಾ?" ಅಂದಳು. ಹಸಿದವರು ಊಟದ ಮಾತು ಕೇಳುವ ದನಿಯಲ್ಲಿ.

ಕೂತುಬಿಟ್ಟೆ.  ಏನಾದರೂ ಹೇಳಬೇಕಿತ್ತು. ಎಣಿಸಿಲ್ಲ ಕಂದ ಎಂದೆ. ಅವಳು ನಂಬಲಿಲ್ಲ. ಕಣ್ಣು ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಹೊದಿಕೆಯ ತುದಿ ಅಲುಗಿತು. ನಿದ್ದೆಯಲ್ಲಿ ಹೊರಳುತ್ತಾಳೆ ಎಂದುಕೊಂಡೆ. ಮತ್ತೆ ಅಲುಗಿತು. ಒಂದೇ ಸಮ, ಒಂದೇ ಅಂತರ. ಮಂಚದ ಮೇಲಿನ ಎದೆಬಡಿತದ ಪೆಟ್ಟಿಗೆಯಲ್ಲಿ ಹಸಿರು ಗೆರೆ ಎಡವಿತು, ಸರಿಹೋಯಿತು, ಎಡವಿತು.

ಹೊದಿಕೆಯೊಳಗೆ ಕೈ ಹಾಕಿ ಎರಡೂ ಪಾದ ಹಿಡಿದೆ. ಒಂದು ಅಂಗೈಗೆ ಎರಡೂ ಸಿಗುತ್ತವೆ. ನನ್ನ ಕೈಯನ್ನು ತಳ್ಳುತ್ತಿದ್ದವು, ಮೆಲ್ಲಗೆ, ಬಿಡದೆ. ಸಾಕು ಕಂದ, ಸಾಕು, ಎಂದೆ. ಮುಖ ನಿದ್ದೆಯಲ್ಲಿತ್ತು. ನಿಜವಾದ ನಿದ್ದೆಯೋ ಏನೋ.

ಆಗಿನಿಂದ ಹೀಗೇ ಕೂತಿದ್ದೇನೆ. ಎಡಗೈ ಪಾದಗಳ ಮೇಲೆ, ಬಲಗೈಯಲ್ಲಿ ಪೆನ್ನು. ಒತ್ತಿ ಹಿಡಿದಷ್ಟು ಹೊತ್ತು ಗೆರೆ ನೆಟ್ಟಗೆ ಹೋಗುತ್ತದೆ. ನರ್ಸ್ ಬಂದಿದ್ದಾರೆ. ಹಾಸಿಗೆ ಬದಲಿಸಬೇಕಂತೆ, ಒಂದು ನಿಮಿಷ ಕೈ ತೆಗೆಯಿರಿ ಅನ್ನುತ್ತಿದ್ದಾರೆ. ತೆಗೆದರೆ...